ಪೇರೆಂಟ್ ಸ್ಕ್ರಿಪ್ಟ್‌ನಿಂದ ಚೈಲ್ಡ್ ಆಬ್ಜೆಕ್ಟ್‌ಗಳನ್ನು ತಲುಪುವ ಬಗೆ: ಆಲಮಟ್ಟಿಯ 26 ಗೇಟ್‌ಗಳ ಉದಾಹರಣೆಯೊಂದಿಗೆ

ಯೂನಿಟಿ ಎಂಬ ಗೇಮ್ ಎಂಜಿನ್‌ನಲ್ಲಿ ಆಟ ಕಟ್ಟಲು ತೊಡಗಿದವರಿಗೆ ಬಹುಬೇಗ ಎದುರಾಗುವ ಪ್ರಶ್ನೆ ಇದು: ಪೇರೆಂಟ್, ಅಂದರೆ ಮೇಲಿನ ಆಬ್ಜೆಕ್ಟ್‌ಗೆ ಹಚ್ಚಿದ ಸ್ಕ್ರಿಪ್ಟ್, ತನ್ನ ಕೆಳಗಿರುವ ಚೈಲ್ಡ್ ಆಬ್ಜೆಕ್ಟ್‌ಗಳನ್ನು ಹೇಗೆ ಹಿಡಿಯಬೇಕು? ಅದಕ್ಕೆ ನಾಲ್ಕಾರು ದಾರಿಗಳಿವೆ. ಮೊದಲ ದಿನ ಎಲ್ಲವೂ ಕೆಲಸ ಮಾಡುತ್ತವೆ. ಆಟ ಬೆಳೆದು, ತಂಡದಲ್ಲಿ ಯಾರೋ ಒಬ್ಬರು ಆಬ್ಜೆಕ್ಟ್‌ನ ಹೆಸರು ತಿದ್ದಿ, ಮತ್ತೊಬ್ಬರು ಅದನ್ನು ಎಳೆದು ಬೇರೆ ಕಡೆ ಇಟ್ಟ ಮೇಲೂ ಕೆಡದೆ ಉಳಿಯುವ ದಾರಿಗಳು ಮಾತ್ರ ಕಡಿಮೆ. ಪ್ರತಿಯೊಂದು ದಾರಿ ಎಲ್ಲಿಯವರೆಗೆ ನಡೆಯುತ್ತದೆ, ಎಲ್ಲಿ ಮುರಿಯುತ್ತದೆ ಎಂಬುದನ್ನು ಇಲ್ಲಿ ಹಂತ ಹಂತವಾಗಿ ನೋಡೋಣ.

ಉದಾಹರಣೆಗೆ ನಮ್ಮ ಭಾಗದ ಎಲ್ಲರಿಗೂ ಪರಿಚಿತವಾದ ಆಲಮಟ್ಟಿ ಜಲಾಶಯವನ್ನೇ ತೆಗೆದುಕೊಂಡಿದ್ದೇನೆ. ಮಳೆಗಾಲದಲ್ಲಿ ಬಾಗಲಕೋಟೆ, ವಿಜಯಪುರದ ಪತ್ರಿಕೆಗಳು ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು ಕ್ಯೂಸೆಕ್ ಎಂದು ದಿನವೂ ಬರೆಯುವ ಲೆಕ್ಕವೇ ಒಂದು ಒಳ್ಳೆಯ ಆಟದ ತಿರುಳಾಗಬಲ್ಲದು. ಕೃಷ್ಣಾ ನದಿಯ ಈ ಅಣೆಕಟ್ಟಿಗೆ 26 ಗೇಟ್‌ಗಳಿವೆ. ಪೂರ್ಣ ಮಟ್ಟ 519.60 ಮೀಟರ್, ವಿದ್ಯುದಾಗಾರದಲ್ಲಿ 15 ಮೆಗಾವ್ಯಾಟ್‌ನ ಒಂದು ಮತ್ತು 55 ಮೆಗಾವ್ಯಾಟ್‌ನ ಐದು ಘಟಕಗಳು ಸೇರಿ 290 ಮೆಗಾವ್ಯಾಟ್ ಸಾಮರ್ಥ್ಯವಿದೆ. ಆಟಗಾರನು ಒಳಹರಿವನ್ನು ನೋಡಿಕೊಂಡು ಗೇಟ್ ತೆರೆಯಬೇಕು, ಮಟ್ಟ ಮೀರಲು ಬಿಡಬಾರದು, ಕೆಳಗಿನ ಊರುಗಳಿಗೆ ಒಮ್ಮೆಲೇ ನೀರು ನುಗ್ಗಿಸಲೂಬಾರದು. ಅಂದರೆ ಅಣೆಕಟ್ಟು ಎಂಬ ಒಂದು ಪೇರೆಂಟ್, ಒಂದೇ ಬಗೆಯ 26 ಮಕ್ಕಳು, ಬೇರೆ ಬಗೆಯ ಇನ್ನೂ ಆರು ಮಕ್ಕಳು. ನಮ್ಮ ವಿಷಯಕ್ಕೆ ಇದಕ್ಕಿಂತ ಹೊಂದುವ ಮಾದರಿ ಹುಡುಕಬೇಕಾಗಿಲ್ಲ.

ಒಂದು ಸೂಚನೆ. ಇಲ್ಲಿ ಯೂನಿಟಿಯ ಆಜ್ಞೆಗಳ ಹೆಸರನ್ನು ಉಚ್ಚರಿಸುವ ಹಾಗೆ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಎಡಿಟರ್‌ನಲ್ಲಿ ಟೈಪ್ ಮಾಡುವಾಗ ಅವುಗಳ ಇಂಗ್ಲಿಷ್ ಕಾಗುಣಿತವನ್ನೇ ಬಳಸಬೇಕು. ನಾವೇ ಇಡುವ ಕ್ಲಾಸ್ ಮತ್ತು ವೇರಿಯೇಬಲ್‌ಗಳ ಹೆಸರು ಕನ್ನಡ ಲಿಪಿಯಲ್ಲಿದ್ದರೂ ಸಿ ಶಾರ್ಪ್ ಒಪ್ಪುತ್ತದೆ.

ಹಂತ 1: ಹೈರಾರ್ಕಿಯನ್ನು ಸರಿಯಾಗಿ ಕಟ್ಟಿಕೊಳ್ಳುವುದು

ಮೊದಲು "ಅಣೆಕಟ್ಟು" ಎಂಬ ಖಾಲಿ ಗೇಮ್‌ಆಬ್ಜೆಕ್ಟ್ ಮಾಡಿ. ಅದರ ಕೆಳಗೆ "ಗೇಟ್‌ಸಾಲು", "ವಿದ್ಯುದಾಗಾರ" ಎಂಬ ಎರಡು ಖಾಲಿ ಆಬ್ಜೆಕ್ಟ್‌ಗಳಿರಲಿ. 26 ಗೇಟ್‌ಗಳು ಗೇಟ್‌ಸಾಲಿನ ಕೆಳಗೆ ಬರುತ್ತವೆ, ಆರು ಟರ್ಬೈನ್‌ಗಳು ವಿದ್ಯುದಾಗಾರದ ಕೆಳಗೆ. ಎಲ್ಲವನ್ನೂ ನೇರವಾಗಿ ಅಣೆಕಟ್ಟಿನ ಕೆಳಗೇ ಸುರಿದರೆ ಈಗ ಕೆಲಸ ಹಗುರವೆನಿಸಬಹುದು. ಆದರೆ ಮುಂದೆ ಮಾಪಕ, ಮೆಟ್ಟಿಲು, ದೀಪದ ಕಂಬ ಸೇರಿದಂತೆ ಯಾವುದು ಎಷ್ಟನೆಯ ಮಗು ಎಂದು ಎಣಿಸುತ್ತ ಕೂರಬೇಕಾಗುತ್ತದೆ.

ಒಂದು ಗೇಟ್‌ನ ಒಳಗಿನ ರಚನೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಆಲಮಟ್ಟಿಯಂಥ ಕಡೆ ಇರುವ ರೇಡಿಯಲ್ ಗೇಟ್ ನೇರವಾಗಿ ಮೇಲಕ್ಕೆ ಸರಿಯುವ ಹಲಗೆಯಲ್ಲ. ಬಾಗಿದ ಫಲಕವೊಂದು ಎರಡು ತೋಳುಗಳ ಮೂಲಕ ಹಿಂದಿನ ಅಚ್ಚಿಗೆ ಕೂಡಿಕೊಂಡು, ಆ ಅಚ್ಚಿನ ಸುತ್ತ ತಿರುಗುತ್ತ ಮೇಲೇಳುತ್ತದೆ. ಆದ್ದರಿಂದ ಆಟದಲ್ಲಿ ಅಚ್ಚು ಇರುವ ಸ್ಥಳದಲ್ಲಿ "ಅಚ್ಚು" ಎಂಬ ಖಾಲಿ ಆಬ್ಜೆಕ್ಟ್ ಇಟ್ಟು, ಫಲಕವನ್ನು ಅದರ ಚೈಲ್ಡ್ ಮಾಡಬೇಕು. ಅಚ್ಚನ್ನು ತಿರುಗಿಸಿದರೆ ಫಲಕ ತಾನಾಗಿ ಸರಿಯಾದ ಕಮಾನಿನಲ್ಲಿ ಏಳುತ್ತದೆ. ಇವೆರಡರ ಜೊತೆಗೆ ನೀರು ಧುಮುಕುವುದನ್ನು ತೋರಿಸುವ ಪಾರ್ಟಿಕಲ್ ಸಿಸ್ಟಮ್ ಒಂದು, ಅದರ ಹೆಸರು "ಧಾರೆ". ಹೀಗೆ ಪ್ರತಿ ಗೇಟ್‌ನ ಅಡಿಯಲ್ಲಿ ಅಚ್ಚು, ಅಚ್ಚಿನ ಅಡಿಯಲ್ಲಿ ಫಲಕ, ಪಕ್ಕದಲ್ಲಿ ಧಾರೆ ಎಂದು ಮೂರು ಆಬ್ಜೆಕ್ಟ್‌ಗಳಾದವು. ಈ ಮೂರರ ಲೆಕ್ಕ ಮುಂದೆ ಬೇಕಾಗುತ್ತದೆ.

ಒಂದು ಗೇಟ್ ಸಿದ್ಧವಾದ ಮೇಲೆ ಅದನ್ನು ಪ್ರಿಫ್ಯಾಬ್ (ಮತ್ತೆ ಮತ್ತೆ ಬಳಸಬಲ್ಲ ಮಾದರಿ) ಮಾಡಿ, ಅನಂತರ 25 ಪ್ರತಿ ತೆಗೆಯಿರಿ. ಇಲ್ಲಿ ಒಂದು ಸಣ್ಣ ತೊಡಕಿದೆ. ಸೆಟ್ಟಿಂಗ್ ಬದಲಿಸದಿದ್ದರೆ ಯೂನಿಟಿ ಮೊದಲನೆಯದಕ್ಕೆ "ಗೇಟ್" ಎಂಬ ಹೆಸರನ್ನೇ ಉಳಿಸಿ, ಮುಂದಿನವಕ್ಕೆ "ಗೇಟ್ (1)", "ಗೇಟ್ (2)" ಎಂದು ಹೆಸರಿಡುತ್ತ ಹೋಗುತ್ತದೆ. ಕೊನೆಯ, ಅಂದರೆ 26ನೆಯ ಗೇಟ್‌ನ ಹೆಸರು "ಗೇಟ್ (25)" ಆಗಿರುತ್ತದೆ. ಹೆಸರಿನಲ್ಲಿರುವ ಅಂಕಿಯನ್ನೇ ಗೇಟ್ ಸಂಖ್ಯೆ ಎಂದು ನಂಬಿದರೆ ಎಲ್ಲವೂ ಒಂದೊಂದು ಹಿಂದೆ ಬೀಳುತ್ತವೆ. ಗೇಟ್ ಸಂಖ್ಯೆಗೆ ಸ್ಕ್ರಿಪ್ಟ್‌ನಲ್ಲಿ ಪ್ರತ್ಯೇಕ ಪೂರ್ಣಾಂಕವೊಂದನ್ನು ಇಟ್ಟು ಅದಕ್ಕೆ 1ರಿಂದ 26 ತುಂಬುವುದು ಸರಿಯಾದ ಕ್ರಮ. ಹೆಸರು ಓದುವವರ ಅನುಕೂಲಕ್ಕೆ ಮಾತ್ರ ಇರಲಿ.

ಹಂತ 2: ಎಣಿಕೆಯಿಂದ ಹಿಡಿಯುವುದು

ಯೂನಿಟಿಯಲ್ಲಿ ಪೇರೆಂಟ್ ಮತ್ತು ಚೈಲ್ಡ್ ಸಂಬಂಧವನ್ನು ಇಟ್ಟುಕೊಂಡಿರುವುದು ಗೇಮ್‌ಆಬ್ಜೆಕ್ಟ್ ಅಲ್ಲ, ಅದರ ಟ್ರಾನ್ಸ್‌ಫಾರ್ಮ್ (ಸ್ಥಾನ, ತಿರುವು, ಗಾತ್ರಗಳನ್ನು ಹಿಡಿದಿಡುವ ಭಾಗ). ಮಕ್ಕಳನ್ನು ಕೇಳಬೇಕಾದರೆ ಟ್ರಾನ್ಸ್‌ಫಾರ್ಮ್‌ನ್ನೇ ಕೇಳಬೇಕು. ಸಿಗುವುದೂ ಮಗುವಿನ ಟ್ರಾನ್ಸ್‌ಫಾರ್ಮ್. ಅದರಿಂದ ಗೇಮ್‌ಆಬ್ಜೆಕ್ಟ್ ಬೇಕಿದ್ದರೆ ಮುಂದೆ .ಗೇಮ್‌ಆಬ್ಜೆಕ್ಟ್ ಎಂದೂ, ಸ್ಕ್ರಿಪ್ಟ್ ಬೇಕಿದ್ದರೆ .ಗೆಟ್‌ಕಾಂಪೊನೆಂಟ್ ಎಂದೂ ಬರೆಯಬೇಕು. ಹೊಸಬರ ಅರ್ಧದಷ್ಟು ಗೊಂದಲ ಇಷ್ಟಕ್ಕೇ ತಿಳಿಯಾಗುತ್ತದೆ.

ಟ್ರಾನ್ಸ್‌ಫಾರ್ಮ್.ಚೈಲ್ಡ್‌ಕೌಂಟ್ ನೇರ ಮಕ್ಕಳ ಸಂಖ್ಯೆಯನ್ನು ಕೊಡುತ್ತದೆ. ನಮ್ಮ ಅಣೆಕಟ್ಟನ್ನು ಕೇಳಿದರೆ ಉತ್ತರ 2. ಗೇಟ್‌ಸಾಲನ್ನು ಕೇಳಿದರೆ 26. ಮೊಮ್ಮಕ್ಕಳು ಈ ಲೆಕ್ಕಕ್ಕೆ ಬರುವುದಿಲ್ಲ. ಟ್ರಾನ್ಸ್‌ಫಾರ್ಮ್.ಗೆಟ್‌ಚೈಲ್ಡ್ ಎಂಬುದಕ್ಕೆ ಅಂಕಿ ಕೊಟ್ಟರೆ ಆ ಸ್ಥಾನದಲ್ಲಿರುವ ಮಗು ಸಿಗುತ್ತದೆ. ಎಣಿಕೆ ಸೊನ್ನೆಯಿಂದ ಆರಂಭವಾಗುವುದರಿಂದ ಮೊದಲ ಗೇಟ್ 0, ಕೊನೆಯದು 25. 26 ಎಂದು ಕೇಳಿದರೆ ಮಗು ಮಿತಿಯ ಹೊರಗಿದೆ ಎಂಬ ದೋಷ ಕನ್ಸೋಲ್‌ನಲ್ಲಿ ಕೆಂಪಾಗಿ ಕಾಣುತ್ತದೆ. ಎಲ್ಲ ನೇರ ಮಕ್ಕಳನ್ನೂ ಒಂದು ಸುತ್ತು ಹಾಕಬೇಕಾದರೆ ಟ್ರಾನ್ಸ್‌ಫಾರ್ಮ್‌ನ ಮೇಲೆಯೇ ಫಾರ್‌ಈಚ್ ಓಡಿಸಬಹುದು.

ಈ ಸ್ಥಾನವೆಂದರೆ ಹೈರಾರ್ಕಿ ಕಿಟಕಿಯಲ್ಲಿ ಮೇಲಿನಿಂದ ಕೆಳಕ್ಕೆ ಕಾಣುವ ಸಾಲು, ಅಷ್ಟೇ. ಯಾರಾದರೂ ಮೌಸ್‌ನಿಂದ ಒಂದು ಗೇಟ್‌ನ್ನು ಎರಡು ಸಾಲು ಕೆಳಗೆ ಎಳೆದರೆ ಸಂಖ್ಯೆಗಳು ಸದ್ದಿಲ್ಲದೆ ಬದಲಾಗುತ್ತವೆ. ಯಾವ ದೋಷವೂ ಬರುವುದಿಲ್ಲ, ತಪ್ಪು ಗೇಟ್ ತೆರೆದುಕೊಳ್ಳುತ್ತದೆ. ಆದ್ದರಿಂದ ಎಲ್ಲ ಮಕ್ಕಳಿಗೂ ಒಂದೇ ಕೆಲಸ ಹೇಳುವಾಗ, ಉದಾಹರಣೆಗೆ ಎಲ್ಲ ದೀಪಗಳನ್ನೂ ಆರಿಸುವಾಗ, ಎಣಿಕೆಯ ದಾರಿ ಚೆನ್ನ. "ಏಳನೆಯ ಗೇಟ್ ತೆರೆ" ಎನ್ನುವಂಥ ನಿರ್ದಿಷ್ಟ ಅಪ್ಪಣೆಗೆ ಅದನ್ನು ನೆಚ್ಚಬಾರದು.

ಹಂತ 3: ಹೆಸರಿನಿಂದ ಹುಡುಕುವುದು

ಟ್ರಾನ್ಸ್‌ಫಾರ್ಮ್.ಫೈಂಡ್ ಎಂಬುದು ಕೊಟ್ಟ ಹೆಸರಿನ ಮಗುವನ್ನು ಹುಡುಕುತ್ತದೆ. ಇದೂ ನೇರ ಮಕ್ಕಳನ್ನಷ್ಟೇ ನೋಡುವುದರಿಂದ, ಅಣೆಕಟ್ಟಿನಿಂದ "ಅಚ್ಚು" ಎಂದು ಕೇಳಿದರೆ ಸಿಗುವುದು ನಲ್, ಅಂದರೆ ಏನೂ ಇಲ್ಲ. ಆಳಕ್ಕೆ ಇಳಿಯಬೇಕಾದರೆ ಓರೆಗೆರೆ ಹಾಕಿ "ಗೇಟ್‌ಸಾಲು/ಗೇಟ್ (18)/ಅಚ್ಚು" ಎಂದು ಪೂರ್ತಿ ದಾರಿ ಬರೆಯಬೇಕು. ಆಬ್ಜೆಕ್ಟ್ ನಿಷ್ಕ್ರಿಯವಾಗಿದ್ದರೂ ಈ ಹುಡುಕಾಟಕ್ಕೆ ಸಿಗುತ್ತದೆ. ಗೇಮ್‌ಆಬ್ಜೆಕ್ಟ್.ಫೈಂಡ್ ಎಂಬ ಇನ್ನೊಂದು ಆಜ್ಞೆ ಹಾಗಲ್ಲ. ಅದು ಇಡೀ ದೃಶ್ಯವನ್ನು ಜಾಲಾಡುತ್ತದೆ, ಸಕ್ರಿಯವಾದವನ್ನು ಮಾತ್ರ ಕೊಡುತ್ತದೆ, ಮತ್ತು ಅದೇ ಹೆಸರಿನ ಬೇರೆ ಆಬ್ಜೆಕ್ಟ್ ಬೇರೆಲ್ಲೋ ಇದ್ದರೆ ಅದನ್ನೇ ತಂದುಕೊಡಲೂಬಹುದು. 26 ಗೇಟ್‌ಗಳಲ್ಲಿ 26 "ಧಾರೆ" ಇರುವ ನಮ್ಮ ದೃಶ್ಯದಲ್ಲಿ ಅದರಿಂದ ಉಪಯೋಗವಿಲ್ಲ.

ಹೆಸರಿನ ದಾರಿ ನನಗೆ ಮೆಚ್ಚುಗೆಯಾಗದಿರಲು ಮುಖ್ಯ ಕಾರಣ, ಅಲ್ಲಿನ ತಪ್ಪು ಕಂಪೈಲರ್‌ನ ಕಣ್ಣಿಗೆ ಬೀಳುವುದಿಲ್ಲ ಎಂಬುದು. ಒಂದು ಅಕ್ಷರ ಹೆಚ್ಚುಕಡಿಮೆಯಾದರೂ ಸ್ಕ್ರಿಪ್ಟ್ ತಕರಾರಿಲ್ಲದೆ ಸಿದ್ಧವಾಗಿ, ಆಟ ಓಡುವಾಗ ಮಾತ್ರ ಕೈಕೊಡುತ್ತದೆ. ಕನ್ನಡದಲ್ಲಿ ಹೆಸರಿಡುವವರಿಗೆ ಇನ್ನೊಂದು ಅಪಾಯವೂ ಉಂಟು. ಅರ್ಧಾಕ್ಷರದಿಂದ ಮುಗಿಯುವ "ಗೇಟ್" ಎಂಬಂಥ ಪದದ ಕೊನೆಗೆ ಕೆಲವು ಕೀಲಿಮಣೆಗಳಲ್ಲಿ ಅಕ್ಷರಗಳನ್ನು ಬೇರ್ಪಡಿಸುವ ಅದೃಶ್ಯ ಚಿಹ್ನೆಯೊಂದು ಸೇರಿಕೊಳ್ಳಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ, ಆದರೆ ಹೋಲಿಕೆಯಲ್ಲಿ ಅವು ಬೇರೆ ಬೇರೆ ಪದಗಳು. ಕಣ್ಣಿಗೆ ಕಾಣದ ಈ ಚಿಹ್ನೆಯನ್ನು ಹುಡುಕುತ್ತ ಒಂದು ಸಂಜೆ ಕಳೆಯುವುದಕ್ಕಿಂತ ಹುಡುಕಾಟಕ್ಕೆ ಹೆಸರನ್ನು ಬಳಸದಿರುವುದೇ ಲೇಸು. ಬಳಸಲೇಬೇಕಾದ ಸಂದರ್ಭ ಬಂದರೆ, ಸಿಕ್ಕಿದ್ದು ನಲ್ ಆಗಿದೆಯೇ ಎಂದು ಕೂಡಲೇ ನೋಡಿ, ಆಗಿದ್ದರೆ ಯಾವ ಹೆಸರು ಸಿಗಲಿಲ್ಲ ಎಂಬುದನ್ನು ಸ್ಪಷ್ಟವಾಗಿ ಕನ್ಸೋಲ್‌ಗೆ ಬರೆಸಿ.

ಹಂತ 4: ಕಾಂಪೊನೆಂಟ್‌ನ ಬಗೆಯಿಂದ ಹುಡುಕುವುದು

ಕಾಂಪೊನೆಂಟ್ ಎಂದರೆ ಆಬ್ಜೆಕ್ಟ್‌ಗೆ ಹಚ್ಚಿದ ಸ್ಕ್ರಿಪ್ಟ್‌ನಂಥ ಭಾಗ. ನಿಜವಾಗಿ ನೋಡಿದರೆ ಅಣೆಕಟ್ಟಿಗೆ ಬೇಕಾಗಿರುವುದು "ಗೇಟ್ ಎಂಬ ಹೆಸರಿನ ಆಬ್ಜೆಕ್ಟ್" ಅಲ್ಲ, ಗೇಟ್‌ನ ಕೆಲಸ ಮಾಡಬಲ್ಲ ಆಬ್ಜೆಕ್ಟ್. ಆದ್ದರಿಂದ ಪ್ರತಿ ಗೇಟ್‌ನ ಮೇಲಿನ ಆಬ್ಜೆಕ್ಟ್‌ಗೆ "ಕ್ರಸ್ಟ್‌ಗೇಟ್" ಎಂಬ ಸ್ಕ್ರಿಪ್ಟ್ ಹಚ್ಚಿ, ಟರ್ಬೈನ್‌ಗಳಿಗೆ "ಟರ್ಬೈನ್" ಎಂಬುದನ್ನು ಹಚ್ಚಿ. ಈಗ ಅಣೆಕಟ್ಟಿನ ಸ್ಕ್ರಿಪ್ಟ್‌ನಲ್ಲಿ ಒಂದೊಂದು ಸಾಲು ಸಾಕು:

ಗೇಟ್‌ಗಳು = ಗೆಟ್‌ಕಾಂಪೊನೆಂಟ್ಸ್‌ಇನ್‌ಚಿಲ್ಡ್ರನ್<ಕ್ರಸ್ಟ್‌ಗೇಟ್>(ಟ್ರೂ);
ಟರ್ಬೈನ್‌ಗಳು = ಗೆಟ್‌ಕಾಂಪೊನೆಂಟ್ಸ್‌ಇನ್‌ಚಿಲ್ಡ್ರನ್<ಟರ್ಬೈನ್>(ಟ್ರೂ);

ಈ ಆಜ್ಞೆ ಎಷ್ಟೇ ಆಳದಲ್ಲಿರುವ ಮಕ್ಕಳನ್ನೂ ಹುಡುಕುತ್ತದೆ. ನಾಳೆ ಗೇಟ್‌ಸಾಲನ್ನು ಎಡದಂಡೆ, ಬಲದಂಡೆ ಎಂದು ಎರಡು ಭಾಗ ಮಾಡಿದರೂ ಈ ಸಾಲುಗಳಲ್ಲಿ ಒಂದಕ್ಷರ ಬದಲಿಸಬೇಕಾಗಿಲ್ಲ. ಗೇಟ್ ಎಷ್ಟು, ಟರ್ಬೈನ್ ಎಷ್ಟು ಎಂಬುದು ಬೆರಕೆಯಾಗುವುದೂ ಇಲ್ಲ.

ಆದರೂ ಮೂರು ವಿಷಯಗಳನ್ನು ನೆನಪಿಡಬೇಕು. ಒಂದನೆಯದು, ಹೆಸರಿನಲ್ಲಿ ಮಕ್ಕಳು ಎಂದಿದ್ದರೂ ಹುಡುಕಾಟ ಆರಂಭವಾಗುವುದು ಪೇರೆಂಟ್‌ನಿಂದಲೇ. ಗೇಟ್‌ಸಾಲಿನ ಮೇಲೆ ನಿಂತು ಟ್ರಾನ್ಸ್‌ಫಾರ್ಮ್ ಬಗೆಯನ್ನು ಕೇಳಿ ನೋಡಿ: 26 ಬರಬಹುದೆಂದು ನಿರೀಕ್ಷಿಸಿದರೆ ಬರುವುದು 105. ಗೇಟ್‌ಸಾಲು ತಾನೇ 1, ಗೇಟ್‌ಗಳು 26, ಪ್ರತಿ ಗೇಟ್‌ನೊಳಗಿನ ಮೂರರಂತೆ 78. ಟ್ರಾನ್ಸ್‌ಫಾರ್ಮ್ ಎಲ್ಲ ಆಬ್ಜೆಕ್ಟ್‌ಗಳಲ್ಲೂ ಇರುವುದರಿಂದ ಹೀಗಾಗುತ್ತದೆ. ನೇರ ಮಕ್ಕಳ ಟ್ರಾನ್ಸ್‌ಫಾರ್ಮ್ ಮಾತ್ರ ಬೇಕಿದ್ದರೆ ಹಂತ 2ರ ಫಾರ್‌ಈಚ್ ಸರಿ.

ಎರಡನೆಯದು, ಮೇಲಿನ ಸಾಲುಗಳ ಕೊನೆಯಲ್ಲಿರುವ ಟ್ರೂ. ಅದನ್ನು ಬಿಟ್ಟರೆ ನಿಷ್ಕ್ರಿಯ ಆಬ್ಜೆಕ್ಟ್‌ಗಳನ್ನು ಯೂನಿಟಿ ದಾಟಿಕೊಂಡು ಹೋಗುತ್ತದೆ. ದುರಸ್ತಿಯ ನೆಪದಲ್ಲಿ ನಾಲ್ಕನೆಯ ಗೇಟ್‌ನ್ನು ಸೆಟ್‌ಆಕ್ಟಿವ್ ಮೂಲಕ ಮರೆಮಾಡಿದ್ದೀರಿ ಎನ್ನೋಣ. ಆಗ ಸಿಗುವ ಅರೇಯಲ್ಲಿ (ಪಟ್ಟಿಯಲ್ಲಿ) 25 ಗೇಟ್‌ಗಳು ಮಾತ್ರ ಇದ್ದು, ಐದನೆಯ ಗೇಟ್ ನಾಲ್ಕನೆಯದರ ಜಾಗಕ್ಕೆ, ಆರನೆಯದು ಐದನೆಯದರ ಜಾಗಕ್ಕೆ ಸರಿದಿರುತ್ತವೆ. ಸ್ಕ್ರಿಪ್ಟ್‌ನ ಪಕ್ಕದ ಗುರುತು ತೆಗೆದು ಅದನ್ನು ಮಾತ್ರ ತಡೆಹಿಡಿದಿದ್ದರೆ ಹೀಗಾಗುವುದಿಲ್ಲ, ಆ ಕಾಂಪೊನೆಂಟ್ ಎಂದಿನಂತೆ ಸಿಗುತ್ತದೆ. ಇವೆರಡರ ವ್ಯತ್ಯಾಸ ತಿಳಿಯದೆ ತಲೆಕೆಡಿಸಿಕೊಳ್ಳುವವರು ಬಹಳ.

ಮೂರನೆಯದು ಸಾಲಿನ ಕ್ರಮ. ಬಂದ ಅರೇಯನ್ನು ಹಾಗೆಯೇ ಬಳಸದೆ, ಪ್ರತಿ ಗೇಟ್‌ನಲ್ಲಿ ನಾವು ತುಂಬಿದ ಗೇಟ್ ಸಂಖ್ಯೆಯ ಪ್ರಕಾರ ಅರೇ.ಸಾರ್ಟ್ ಮೂಲಕ ಒಮ್ಮೆ ಜೋಡಿಸಿಕೊಳ್ಳಿ. ಆಮೇಲೆ ಹೈರಾರ್ಕಿಯಲ್ಲಿ ಯಾರು ಏನನ್ನು ಎಲ್ಲಿಗೆ ಎಳೆದರೂ ಏಳನೆಯ ಗೇಟ್ ಏಳನೆಯದಾಗಿಯೇ ಉಳಿಯುತ್ತದೆ. ಹೆಸರಿನ ಪ್ರಕಾರ ಜೋಡಿಸಲು ಹೋಗಬೇಡಿ. ಅಕ್ಷರಾನುಕ್ರಮದಲ್ಲಿ 10 ಎಂಬುದು 2ಕ್ಕಿಂತ ಮೊದಲು ಬರುತ್ತದೆ.

ಒಂದೇ ಮಗು ಬೇಕಿದ್ದಾಗ ಏಕವಚನದ ಗೆಟ್‌ಕಾಂಪೊನೆಂಟ್‌ಇನ್‌ಚಿಲ್ಡ್ರನ್ ಇದೆ. ಮೊದಲು ಸಿಕ್ಕಿದ್ದನ್ನು ಅದು ಕೊಡುತ್ತದೆ, ಆದ್ದರಿಂದ ಆ ಬಗೆಯದು ಒಂದೇ ಇದ್ದಾಗ ಮಾತ್ರ ಬಳಸತಕ್ಕದ್ದು.

ಹಂತ 5: ಇನ್‌ಸ್ಪೆಕ್ಟರ್‌ನಲ್ಲೇ ಜೋಡಿಸಿಡುವುದು

ಆಟ ಓಡುವಾಗ ಹುಡುಕುವುದಕ್ಕಿಂತ, ಕಟ್ಟುವಾಗಲೇ ಯಾರು ಎಲ್ಲಿದ್ದಾರೆ ಎಂದು ಬರೆದಿಟ್ಟುಕೊಳ್ಳುವುದು ನನ್ನ ಮೊದಲ ಆಯ್ಕೆ. ಸ್ಕ್ರಿಪ್ಟ್‌ನ ಮೇಲ್ಭಾಗದಲ್ಲಿ ಹೀಗೆ ಬರೆಯಿರಿ:

[ಸೀರಿಯಲೈಸ್‌ಫೀಲ್ಡ್] ಪ್ರೈವೇಟ್ ಕ್ರಸ್ಟ್‌ಗೇಟ್[] ಗೇಟ್‌ಗಳು;

ಪ್ರೈವೇಟ್ ಆಗಿದ್ದರೂ ಈ ಗುರುತಿನಿಂದಾಗಿ, ಆರಿಸಿದ ಆಬ್ಜೆಕ್ಟ್‌ನ ವಿವರ ತೋರಿಸುವ ಕಿಟಕಿಯಾದ ಇನ್‌ಸ್ಪೆಕ್ಟರ್‌ನಲ್ಲಿ ಖಾಲಿ ಪಟ್ಟಿಯೊಂದು ಕಾಣಿಸಿಕೊಳ್ಳುತ್ತದೆ. ಬೇರೆ ಸ್ಕ್ರಿಪ್ಟ್‌ಗಳು ಮಾತ್ರ ಅದನ್ನು ಮುಟ್ಟಲಾರವು. ಅಣೆಕಟ್ಟನ್ನು ಆರಿಸಿ, ಇನ್‌ಸ್ಪೆಕ್ಟರ್‌ನ ಮೂಲೆಯಲ್ಲಿರುವ ಬೀಗದ ಚಿತ್ರವನ್ನು ಒತ್ತಿ, 26 ಗೇಟ್‌ಗಳನ್ನೂ ಒಟ್ಟಿಗೆ ಆರಿಸಿ, ಪಟ್ಟಿಯ ಹೆಸರಿನ ಮೇಲೆ ತಂದು ಬಿಟ್ಟರೆ ಎಲ್ಲವೂ ಒಮ್ಮೆಲೇ ತುಂಬಿಕೊಳ್ಳುತ್ತವೆ. ಬೀಗ ಹಾಕದಿದ್ದರೆ ಗೇಟ್‌ಗಳನ್ನು ಆರಿಸಿದ ಕೂಡಲೇ ಇನ್‌ಸ್ಪೆಕ್ಟರ್ ಅವುಗಳನ್ನೇ ತೋರಿಸತೊಡಗಿ, ಬಿಡಲು ಜಾಗವೇ ಇರುವುದಿಲ್ಲ. ಕೆಲಸ ಮುಗಿದ ಮೇಲೆ ಬೀಗ ತೆಗೆಯುವುದನ್ನು ಮರೆಯಬೇಡಿ.

ಹೀಗೆ ಜೋಡಿಸಿದ ಸಂಬಂಧ ಹೆಸರನ್ನಾಗಲಿ ಸ್ಥಾನವನ್ನಾಗಲಿ ಅವಲಂಬಿಸಿಲ್ಲ. ಗೇಟ್‌ನ ಹೆಸರು ಬದಲಿಸಿ, ಬೇರೊಂದು ಪೇರೆಂಟ್‌ನ ಕೆಳಗೆ ಇಡಿ, ಅದು ಹಾಗೆಯೇ ಉಳಿಯುತ್ತದೆ. ಬಗೆ ತಪ್ಪಿದ ಆಬ್ಜೆಕ್ಟ್‌ನ್ನು ಪಟ್ಟಿ ಒಳಗೆ ಸೇರಿಸಿಕೊಳ್ಳುವುದೂ ಇಲ್ಲ. ಗೇಟ್‌ನ ಪ್ರಿಫ್ಯಾಬ್‌ನೊಳಗೆ ಕ್ರಸ್ಟ್‌ಗೇಟ್ ಸ್ಕ್ರಿಪ್ಟ್‌ಗೆ ಅಚ್ಚು ಮತ್ತು ಧಾರೆಯನ್ನು ಒಂದೇ ಸಲ ಹೀಗೆ ಜೋಡಿಸಿದರೆ, 26 ಪ್ರತಿಗಳಲ್ಲೂ ಪ್ರತಿ ಗೇಟ್ ತನ್ನದೇ ಅಚ್ಚನ್ನು, ತನ್ನದೇ ಧಾರೆಯನ್ನು ತೋರಿಸುತ್ತದೆ.

ಕೈಯಿಂದ ತುಂಬುವುದು ಬೇಸರವೆನಿಸಿದರೆ ಎರಡೂ ದಾರಿಗಳನ್ನು ಕೂಡಿಸಬಹುದು. ಸ್ಕ್ರಿಪ್ಟ್‌ನಲ್ಲಿ ರೀಸೆಟ್ ಎಂಬ ಹೆಸರಿನ ಫಂಕ್ಷನ್ ಬರೆದು, ಹಿಂದಿನ ಹಂತದ ಹುಡುಕುವ ಸಾಲನ್ನೂ ಸಂಖ್ಯೆಯ ಪ್ರಕಾರ ಜೋಡಿಸುವ ಸಾಲನ್ನೂ ಅದರೊಳಗೆ ಇಡಿ. ಸ್ಕ್ರಿಪ್ಟ್‌ನ್ನು ಮೊದಲ ಬಾರಿ ಹಚ್ಚಿದಾಗ, ಅಥವಾ ಕಾಂಪೊನೆಂಟ್‌ನ ಮೆನುವಿನಲ್ಲಿ ರೀಸೆಟ್ ಆರಿಸಿದಾಗ, ಎಡಿಟರ್ ಇದನ್ನು ಓಡಿಸಿ ಪಟ್ಟಿ ತುಂಬುತ್ತದೆ. ಆದರೆ ಮೆನುವಿನ ರೀಸೆಟ್ ಬೇರೆ ಮೌಲ್ಯಗಳನ್ನೂ ಮೊದಲಿನ ಸ್ಥಿತಿಗೆ ತರುವುದರಿಂದ, ಮರಳಿ ತುಂಬುವುದಕ್ಕೆ ಕಾಂಟೆಕ್ಸ್ಟ್‌ಮೆನು ಎಂಬ ಗುರುತು ಹಚ್ಚಿದ ಪ್ರತ್ಯೇಕ ಫಂಕ್ಷನ್ ಇಟ್ಟುಕೊಳ್ಳುವುದು ಕ್ಷೇಮ. ಹುಡುಕಾಟ ಎಡಿಟರ್‌ನಲ್ಲೇ ಮುಗಿಯುತ್ತದೆ, ಸಿಕ್ಕಿದ್ದು ಕಣ್ಣೆದುರಿಗೇ ಇರುತ್ತದೆ.

ಹಂತ 6: ಯಾವಾಗ ಹುಡುಕಬೇಕು

ಅಪ್‌ಡೇಟ್ ಪ್ರತಿ ಫ್ರೇಮ್‌ಗೂ ಓಡುತ್ತದೆ. ಸೆಕೆಂಡಿಗೆ 60 ಫ್ರೇಮ್‌ಗಳ ಆಟದಲ್ಲಿ ಅದರೊಳಗೆ ಹುಡುಕಿದರೆ, ಯಾವ ಬದಲಾವಣೆಯೂ ಆಗದ ಮಕ್ಕಳನ್ನು ಸೆಕೆಂಡಿಗೆ 60 ಬಾರಿ ಸುತ್ತಿ, ಪ್ರತಿ ಸಲವೂ ಹೊಸ ಅರೇ ಕಟ್ಟಿ ಎಸೆದಂತಾಗುತ್ತದೆ. ಎಸೆದ ಅರೇಗಳನ್ನು ಗುಡಿಸುವ ಕೆಲಸ ಆಮೇಲೆ ಆಟವನ್ನು ತಡವರಿಸುವಂತೆ ಮಾಡುತ್ತದೆ. ಕಡಿಮೆ ಬೆಲೆಯ ಮೊಬೈಲ್‌ನಲ್ಲಿ ಇದು ಎದ್ದು ಕಾಣುತ್ತದೆ.

ಆಬ್ಜೆಕ್ಟ್ ಮೊದಲು ಸಕ್ರಿಯವಾದಾಗ ಒಮ್ಮೆ ಮಾತ್ರ ಓಡುವ ಅವೇಕ್‌ನಲ್ಲಿ ಹುಡುಕಿ ವೇರಿಯೇಬಲ್‌ನಲ್ಲಿ ಇಟ್ಟುಕೊಳ್ಳಿ. ಸ್ಟಾರ್ಟ್‌ನಿಂದ ಮುಂದೆ ಬಳಸಿ. ದೃಶ್ಯ ತೆರೆದಾಗ ಅದರಲ್ಲಿರುವ ಸಕ್ರಿಯ ಆಬ್ಜೆಕ್ಟ್‌ಗಳ ಅವೇಕ್‌ಗಳೆಲ್ಲ ಮುಗಿದ ಮೇಲೆಯೇ ಸ್ಟಾರ್ಟ್‌ಗಳ ಸರದಿ ಬರುತ್ತದೆ. ಆದರೆ ಪೇರೆಂಟ್‌ನ ಅವೇಕ್ ಮೊದಲೋ ಮಗುವಿನದು ಮೊದಲೋ ಎಂಬುದಕ್ಕೆ ಖಾತರಿಯಿಲ್ಲ. ಆದ್ದರಿಂದ ಅವೇಕ್‌ನಲ್ಲಿ ಮಕ್ಕಳನ್ನು ಗುರುತಿಸಿಟ್ಟುಕೊಳ್ಳಬಹುದೇ ಹೊರತು, ಅವು ಲೆಕ್ಕಹಾಕಿ ಇಟ್ಟುಕೊಳ್ಳುವ ಮೌಲ್ಯಗಳನ್ನು ಆಗಲೇ ಕೇಳಬಾರದು. ನಿಷ್ಕ್ರಿಯವಾಗಿರುವ ಮಗುವಿನ ಅವೇಕ್ ಅದು ಸಕ್ರಿಯವಾಗುವ ತನಕ ಓಡುವುದೇ ಇಲ್ಲ ಎಂಬುದೂ ಲೆಕ್ಕದಲ್ಲಿರಲಿ. ಹಂತ 4ರ ಟ್ರೂ ಬಳಸಿ ಹಿಡಿದ ಗೇಟ್ ಇನ್ನೂ ಸಿದ್ಧವಾಗಿಲ್ಲದಿರಬಹುದು.

ಹಂತ 7: ಅಪ್ಪಣೆ ಅಣೆಕಟ್ಟಿನದು, ಕೆಲಸ ಗೇಟ್‌ನದು

ಮಗು ಕೈಗೆ ಸಿಕ್ಕಿತೆಂದು ಪೇರೆಂಟ್ ಅದರ ಒಳಗಿನ ಎಲ್ಲವನ್ನೂ ತಾನೇ ತಿರುಗಿಸಲು ಹೋಗಬಾರದು. ಅಣೆಕಟ್ಟಿನ ಸ್ಕ್ರಿಪ್ಟ್ ಏಳನೆಯ ಗೇಟ್‌ನ ಅಚ್ಚಿನ ಟ್ರಾನ್ಸ್‌ಫಾರ್ಮ್ ಹಿಡಿದು ಕೋನ ಬದಲಿಸಿ, ಆಮೇಲೆ ಧಾರೆಯನ್ನು ಹುಡುಕಿ ಪ್ಲೇ ಮಾಡಿ, ಶಬ್ದವನ್ನೂ ಅಲ್ಲಿಂದಲೇ ಹೊರಡಿಸಿದರೆ ಮೂರು ತಿಂಗಳ ನಂತರ ಆ ಸ್ಕ್ರಿಪ್ಟ್ ಓದಲಾಗದಷ್ಟು ಉದ್ದವಾಗಿರುತ್ತದೆ. ಬಾಗಲಕೋಟೆ, ವಿಜಯಪುರ, ಬೆಳಗಾವಿಯ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಲ್ಲಿ ನಾನು ಕಂಡ ಸಾಮಾನ್ಯ ದೋಷವಿದು: ಒಂದು ಮ್ಯಾನೇಜರ್ ಸ್ಕ್ರಿಪ್ಟ್ ಸಾವಿರ ಸಾಲು, ಉಳಿದವೆಲ್ಲ ಖಾಲಿ.

ಕ್ರಸ್ಟ್‌ಗೇಟ್ ಸ್ಕ್ರಿಪ್ಟ್‌ನಲ್ಲಿ ಹೊರಗಿನವರಿಗೆ ಕಾಣುವ ಎರಡೇ ಸಂಗತಿಗಳಿರಲಿ: ತೆರೆ(ಪ್ರಮಾಣ) ಎಂಬ ಫಂಕ್ಷನ್, ಮತ್ತು ಈಗ ಎಷ್ಟು ನೀರು ಹೋಗುತ್ತಿದೆ ಎಂದು ಓದಲು ಮಾತ್ರ ಬರುವ "ಹರಿವು" ಎಂಬ ಮೌಲ್ಯ. ಅಚ್ಚು ಎಷ್ಟು ಡಿಗ್ರಿ ತಿರುಗಬೇಕು, ಧಾರೆ ಎಷ್ಟು ದಪ್ಪವಾಗಬೇಕು ಎಂಬುದನ್ನೆಲ್ಲ ಗೇಟ್ ತನ್ನೊಳಗೇ ನೋಡಿಕೊಳ್ಳುತ್ತದೆ. ತಿರುಗಿಸುವಾಗ ರೊಟೇಶನ್ ಬದಲಿಸದೆ ಲೋಕಲ್‌ರೊಟೇಶನ್ ಬದಲಿಸಬೇಕು. ಇಲ್ಲವಾದರೆ ಅಣೆಕಟ್ಟನ್ನು ನದಿಯ ದಿಕ್ಕಿಗೆ ಸ್ವಲ್ಪ ಓರೆಯಾಗಿ ನಿಲ್ಲಿಸಿದ ಕೂಡಲೇ ಗೇಟ್‌ಗಳು ತಪ್ಪು ದಿಕ್ಕಿಗೆ ತೆರೆದುಕೊಳ್ಳುತ್ತವೆ.

ಈಗ ಅಣೆಕಟ್ಟಿನ ಕೆಲಸ ಹಗುರ. ಹೊರಹರಿವು ಬೇಕೇ? ಗೇಟ್‌ಗಳ ಅರೇಯ ಮೇಲೆ ಒಂದು ಲೂಪ್ ಓಡಿಸಿ ಹರಿವುಗಳನ್ನು ಕೂಡಿಸಿ, ಟರ್ಬೈನ್‌ಗಳ ಮೂಲಕ ಹೋಗುವುದನ್ನೂ ಸೇರಿಸಿ. ಒಳಲೆಕ್ಕವನ್ನು ಘನ ಮೀಟರ್‌ನಲ್ಲಿ ಇಟ್ಟಿದ್ದರೆ ಪರದೆಗೆ ಬರುವಾಗ 35.3ರಿಂದ ಗುಣಿಸಿದರೆ ಕ್ಯೂಸೆಕ್ ಆಯಿತು, ನಮ್ಮ ಕಡೆಯ ಆಟಗಾರರಿಗೆ ಅರ್ಥವಾಗುವುದೂ ಅದೇ. ನಡುವಿನ ಗೇಟ್‌ಗಳಿಂದ ತೆರೆಯಬೇಕೆಂಬ ನಿಯಮವನ್ನು ಆಟಕ್ಕೆ ಇಟ್ಟುಕೊಂಡರೆ 13 ಮತ್ತು 14ನೆಯ ಗೇಟ್‌ಗಳಿಂದ, ಅಂದರೆ ಅರೇಯ 12 ಮತ್ತು 13ನೆಯ ಸ್ಥಾನಗಳಿಂದ ಎರಡೂ ಕಡೆಗೆ ಸಾಗಬೇಕು.

ಮಗು ಪೇರೆಂಟ್‌ಗೆ ಸುದ್ದಿ ಮುಟ್ಟಿಸಬೇಕಾದಾಗ, ಉದಾಹರಣೆಗೆ ಗೇಟ್ ಪೂರ್ತಿ ಮುಚ್ಚಿತು ಎಂದು ತಿಳಿಸಬೇಕಾದಾಗ, ಗೇಟ್‌ನಲ್ಲಿ ಒಂದು ಇವೆಂಟ್ ಇಟ್ಟು ಅಣೆಕಟ್ಟು ಅದನ್ನು ಆನ್‌ಎನೇಬಲ್‌ನಲ್ಲಿ ಕೇಳಿಸಿಕೊಳ್ಳಲು ತೊಡಗಿ ಆನ್‌ಡಿಸೇಬಲ್‌ನಲ್ಲಿ ಬಿಡಲಿ. ಗೇಟ್‌ಗೆ ಅಣೆಕಟ್ಟಿನ ಪರಿಚಯವೇ ಬೇಕಾಗುವುದಿಲ್ಲ. ಅದೇ ಪ್ರಿಫ್ಯಾಬ್‌ನ್ನು ಕೆಳಗಿನ ನಾರಾಯಣಪುರದ ಬಸವಸಾಗರಕ್ಕೂ ಬಳಸಬಹುದು. ಬ್ರಾಡ್‌ಕಾಸ್ಟ್‌ಮೆಸೇಜ್ ಎಂಬ ಹಳೆಯ ಆಜ್ಞೆಯಿಂದ ಎಲ್ಲ ಮಕ್ಕಳಿಗೂ ಒಮ್ಮೆಲೇ ಅಪ್ಪಣೆ ಹೊರಡಿಸಬಹುದಾದರೂ ಅದು ಫಂಕ್ಷನ್‌ನ ಹೆಸರನ್ನು ಪಠ್ಯವಾಗಿ ಕೇಳುವುದರಿಂದ ಹಂತ 3ರ ತೊಂದರೆಗಳೆಲ್ಲ ಮರಳಿ ಬರುತ್ತವೆ.

ಹಂತ 8: ಮಗು ಇಲ್ಲವಾದಾಗ, ಹೊಸದು ಬಂದಾಗ

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 33 ಗೇಟ್‌ಗಳ ಪೈಕಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋಯಿತು. ಅಂಥದೊಂದು ಅವಘಡವನ್ನು ನಮ್ಮ ಆಟದಲ್ಲೂ ತರಬೇಕೆಂದರೆ 19ನೆಯ ಗೇಟ್‌ನ್ನು ಡೆಸ್ಟ್ರಾಯ್ ಮಾಡುತ್ತೇವೆ. ಆಗ ಅರೇಯ ಉದ್ದ ಬದಲಾಗುವುದಿಲ್ಲ, ಅದು 26 ಆಗಿಯೇ ಇರುತ್ತದೆ. 18ನೆಯ ಸ್ಥಾನದಲ್ಲಿ ಮಾತ್ರ ಜೀವವಿಲ್ಲದ ಗುರುತೊಂದು ಉಳಿಯುತ್ತದೆ. ಹೊರಹರಿವಿನ ಲೂಪ್ ಆ ಸ್ಥಾನ ತಲುಪಿ ಅದರ ಟ್ರಾನ್ಸ್‌ಫಾರ್ಮ್ ಅಥವಾ ಧಾರೆಯನ್ನು ಮುಟ್ಟಿದ ಕೂಡಲೇ ಮಿಸಿಂಗ್‌ರೆಫರೆನ್ಸ್‌ಎಕ್ಸೆಪ್ಷನ್ ಎದುರಾಗುತ್ತದೆ.

ಇದಕ್ಕೆ ಲೂಪ್‌ನ ಒಳಗೆ ಗೇಟ್ == ನಲ್ ಎಂದು ಪರೀಕ್ಷಿಸಿ ಮುಂದೆ ಸಾಗಿದರೆ ಸಾಕು. ನಾಶವಾದ ಆಬ್ಜೆಕ್ಟ್‌ಗಳನ್ನು ನಲ್‌ಗೆ ಸಮ ಎಂದು ತೋರಿಸುವಂತೆ ಯೂನಿಟಿ ಈ ಹೋಲಿಕೆಯನ್ನು ವಿಶೇಷವಾಗಿ ಬದಲಿಸಿಕೊಂಡಿದೆ. ಸಿ ಶಾರ್ಪ್ ಬಲ್ಲವರು ಚಿಕ್ಕದಾಗಿ ಬರೆಯುವ ಆಸೆಯಿಂದ ?. ಎಂಬ ಚಿಹ್ನೆ ಬಳಸುವುದುಂಟು. ಆ ಚಿಹ್ನೆ ಯೂನಿಟಿಯ ಈ ವಿಶೇಷ ಹೋಲಿಕೆಯನ್ನು ಕೇಳುವುದಿಲ್ಲವಾದ್ದರಿಂದ ನಾಶವಾದ ಗೇಟ್ ಇನ್ನೂ ಇದೆ ಎಂದೇ ತಿಳಿದು ಮುಂದುವರಿಯುತ್ತದೆ. ಯೂನಿಟಿಯ ಆಬ್ಜೆಕ್ಟ್‌ಗಳ ಮಟ್ಟಿಗೆ ಅದನ್ನು ದೂರವಿಡಬೇಕು.

ಮಕ್ಕಳನ್ನು ಬಿಡಿಸುವ ಲೂಪ್‌ನಲ್ಲೂ ಎಚ್ಚರ ಬೇಕು. ಡೆಸ್ಟ್ರಾಯ್ ಫ್ರೇಮ್‌ನ ಕೊನೆಯವರೆಗೆ ಕಾಯುತ್ತದೆ, ಆದ್ದರಿಂದ ಅದನ್ನು ಕರೆದ ಮರುಸಾಲಿನಲ್ಲಿ ಚೈಲ್ಡ್‌ಕೌಂಟ್ ಕೇಳಿದರೆ ಹಳೆಯ ಸಂಖ್ಯೆಯೇ ಬರುತ್ತದೆ. ಸೆಟ್‌ಪೇರೆಂಟ್(ನಲ್) ಹಾಗಲ್ಲ, ಆ ಕ್ಷಣವೇ ಮಗುವನ್ನು ಹೊರತೆಗೆಯುತ್ತದೆ. ಸೊನ್ನೆಯಿಂದ ಏರುತ್ತ ಹೋಗುವ ಲೂಪ್‌ನಲ್ಲಿ ಹೀಗೆ ಬಿಡಿಸಿದರೆ, ಒಂದು ಹೋದಾಗ ಮುಂದಿನದು ಅದರ ಜಾಗಕ್ಕೆ ಸರಿದು ಲೂಪ್ ಅದನ್ನು ದಾಟಿಬಿಡುತ್ತದೆ. ಕೊನೆಗೆ 26ರಲ್ಲಿ 13 ಗೇಟ್‌ಗಳು ಅಲ್ಲೇ ಉಳಿದಿರುತ್ತವೆ. 25ರಿಂದ ಸೊನ್ನೆಗೆ ಇಳಿಯುವ ಲೂಪ್ ಬರೆದರೆ ಈ ತೊಂದರೆ ಇಲ್ಲ.

ಆಟದ ನಡುವೆ ಮಕ್ಕಳು ಹುಟ್ಟುವುದಾದರೆ ಅರೇಯ ಬದಲು ಲಿಸ್ಟ್ ಬಳಸಿ. ಪ್ರಿಫ್ಯಾಬ್‌ನ ವೇರಿಯೇಬಲ್‌ನ್ನು ಗೇಮ್‌ಆಬ್ಜೆಕ್ಟ್ ಎಂದಿಡದೆ ಕ್ರಸ್ಟ್‌ಗೇಟ್ ಎಂದೇ ಇಟ್ಟರೆ, ಇನ್‌ಸ್ಟಾಂಶಿಯೇಟ್(ಪ್ರಿಫ್ಯಾಬ್, ಗೇಟ್‌ಸಾಲು) ಮರಳಿಸುವುದೂ ಕ್ರಸ್ಟ್‌ಗೇಟ್. ಅದನ್ನು ಅಲ್ಲಿಯೇ ಲಿಸ್ಟ್‌ಗೆ ಸೇರಿಸಿಕೊಂಡರೆ ಆಮೇಲೆ ಹುಡುಕುವ ಪ್ರಶ್ನೆಯೇ ಏಳುವುದಿಲ್ಲ.

ಗೊಡೋ ಬಳಸುವವರಿಗೆ

ಗೊಡೋ ಎಂಬ ಇನ್ನೊಂದು ಗೇಮ್ ಎಂಜಿನ್‌ನಲ್ಲಿ ಪ್ರತಿ ಆಬ್ಜೆಕ್ಟ್ ಒಂದು ನೋಡ್. ಗೆಟ್_ಚಿಲ್ಡ್ರನ್ ನೇರ ಮಕ್ಕಳನ್ನೂ, ಗೆಟ್_ನೋಡ್ ಅಥವಾ ಅದರ ಸಂಕ್ಷಿಪ್ತ ರೂಪವಾದ $ ಚಿಹ್ನೆ ದಾರಿಯ ಮೂಲಕ ನಿರ್ದಿಷ್ಟ ಮಗುವನ್ನೂ ಕೊಡುತ್ತವೆ. ಆಳದಲ್ಲಿರುವ ನೋಡ್‌ಗೆ ದೃಶ್ಯದೊಳಗೆ ಅನನ್ಯವಾದ ಹೆಸರೆಂದು ಗುರುತು ಹಾಕಿದರೆ % ಚಿಹ್ನೆಯಿಂದ ನೇರವಾಗಿ ಕರೆಯಬಹುದು, ದಾರಿ ಬದಲಾದರೂ ಕೆಡುವುದಿಲ್ಲ. ಯೂನಿಟಿಗಿಂತ ಇಲ್ಲಿ ಒಂದು ಅನುಕೂಲ ಹೆಚ್ಚು: ಮಕ್ಕಳ _ರೆಡಿ ಮುಗಿದ ಮೇಲೆಯೇ ಪೇರೆಂಟ್‌ನ _ರೆಡಿ ಓಡುತ್ತದೆ, ಆದ್ದರಿಂದ ಅಲ್ಲಿ ಮಕ್ಕಳನ್ನು ಧೈರ್ಯವಾಗಿ ಮಾತನಾಡಿಸಬಹುದು. ಆದರೆ ಫೈಂಡ್_ಚೈಲ್ಡ್ ಬಳಸುವಾಗ, ಬೇರೇನೂ ಹೇಳದಿದ್ದರೆ ಅದು ಓನರ್ ಇರುವ ನೋಡ್‌ಗಳನ್ನು ಮಾತ್ರ ನೋಡುತ್ತದೆ. ಕೋಡ್‌ನಿಂದ ಹುಟ್ಟಿಸಿದ ನೋಡ್‌ಗಳಿಗೆ ನಾವಾಗಿ ಓನರ್ ಕೊಡದ ಹೊರತು ಅವು ಅದಕ್ಕೆ ಸಿಗುವುದಿಲ್ಲ.

ಹಂತ 9: ಪರೀಕ್ಷೆ

ಯೂನಿಟಿಗೆ ಮರಳಿ, ಅಣೆಕಟ್ಟಿನ ಸ್ಟಾರ್ಟ್‌ನಲ್ಲಿ ಗೇಟ್‌ಗಳ ಮತ್ತು ಟರ್ಬೈನ್‌ಗಳ ಸಂಖ್ಯೆಯನ್ನು ಕನ್ಸೋಲ್‌ಗೆ ಬರೆಸಿ; 26 ಮತ್ತು 6 ಬರಬೇಕು. ಅನಂತರ ಬೇಕೆಂದೇ ಕೆಡಿಸಿ ನೋಡಿ. ನಾಲ್ಕನೆಯ ಗೇಟ್‌ನ್ನು ನಿಷ್ಕ್ರಿಯಗೊಳಿಸಿ, ಹತ್ತನೆಯದರ ಹೆಸರು ಬದಲಿಸಿ, ಕೊನೆಯದನ್ನು ಹೈರಾರ್ಕಿಯಲ್ಲಿ ಎಲ್ಲಕ್ಕಿಂತ ಮೇಲೆ ಎಳೆಯಿರಿ, ಅಣೆಕಟ್ಟನ್ನು ಇಪ್ಪತ್ತು ಡಿಗ್ರಿ ತಿರುಗಿಸಿ, ಆಟ ಓಡುತ್ತಿರುವಾಗಲೇ 19ನೆಯ ಗೇಟ್‌ನ್ನು ಅಳಿಸಿ. ಏಳನೆಯ ಗೇಟ್ ತೆರೆ ಎಂದಾಗ ಏಳನೆಯದೇ ಸರಿಯಾದ ದಿಕ್ಕಿನಲ್ಲಿ ತೆರೆದು, ಕನ್ಸೋಲ್‌ನಲ್ಲಿ ಕೆಂಪು ಸಾಲು ಕಾಣದಿದ್ದರೆ ಜೋಡಣೆ ಸರಿಯಿದೆ. ಏನಾದರೂ ತಪ್ಪಿದರೆ ಮೊದಲು ನೋಡಬೇಕಾದ್ದು ಇನ್‌ಸ್ಪೆಕ್ಟರ್‌ನ ಪಟ್ಟಿಯನ್ನು: ಅಲ್ಲಿ "ನನ್" ಎಂದಿದ್ದರೆ ಆ ಸ್ಥಾನವನ್ನು ತುಂಬಿಯೇ ಇಲ್ಲ, "ಮಿಸಿಂಗ್" ಎಂದಿದ್ದರೆ ತುಂಬಿದ ಆಬ್ಜೆಕ್ಟ್ ಅಳಿಸಿಹೋಗಿದೆ.